ಬ್ರಯಾನ್ ಮೇ: ಕೈಯಾರೆ ಮಾಡಿದ ಗಿಟಾರ್, ಕಾದು ಕುಳಿತ ಮಹಾಪ್ರಬಂಧ

ಪ್ರಿಯ ಯುವ ಮಿತ್ರರೇ,

ರಾಕ್ ಸಂಗೀತಗಾರರೆಂದರೆ ಓದು, ಮನೆ, ಹಿರಿಯರು ಎಲ್ಲವನ್ನೂ ಧಿಕ್ಕರಿಸಿ ಹೊರಟವರು ಎಂಬ ಕಲ್ಪನೆ ನಿಮ್ಮ ವಯಸ್ಸಿನ ಅನೇಕರಲ್ಲಿದೆ. ಕ್ವೀನ್ ತಂಡದ ಗಿಟಾರ್ ವಾದಕ ಬ್ರಯಾನ್ ಮೇ ಅವರ ಬದುಕು ಆ ಕಲ್ಪನೆಗೆ ಒಗ್ಗುವುದಿಲ್ಲ. ಇಂದು ಅವರ ಬಗ್ಗೆ ಮಾತನಾಡಲು ನನಗೆ ಅದೇ ಕಾರಣ. ಅವರ ಸಂಗೀತದ ಬೇರುಗಳು ಕೈಗೆಲಸದಲ್ಲಿಯೂ ವಿಜ್ಞಾನದ ಓದಿನಲ್ಲಿಯೂ ಇವೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಬ್ರಯಾನ್ 1947ರ ಜುಲೈ 19ರಂದು ಇಂಗ್ಲೆಂಡಿನ ಹ್ಯಾಂಪ್ಟನ್‌ನಲ್ಲಿ ಜನಿಸಿದರು. ತಂದೆ ಹೆರಾಲ್ಡ್ ಎಲೆಕ್ಟ್ರಾನಿಕ್ಸ್ ಬಲ್ಲವರು, ಮನೆಗೆ ಬೇಕಾದ ಉಪಕರಣಗಳನ್ನು ತಾವೇ ಜೋಡಿಸುವ ಅಭ್ಯಾಸವಿದ್ದವರು. ಹದಿನಾರನೆಯ ವಯಸ್ಸಿಗೆ ಮಗನಿಗೆ ಒಳ್ಳೆಯ ಎಲೆಕ್ಟ್ರಿಕ್ ಗಿಟಾರ್ ಬೇಕೆನಿಸಿತು, ಆದರೆ ಅದನ್ನು ಕೊಳ್ಳುವಷ್ಟು ಅನುಕೂಲ ಮನೆಯಲ್ಲಿರಲಿಲ್ಲ. 1963ರಲ್ಲಿ ತಂದೆಮಗ ಸೇರಿ ಅದನ್ನು ತಾವೇ ಮಾಡಲು ಕುಳಿತರು. ಕೆಲಸ ಮುಗಿಯಲು ಸುಮಾರು ಎರಡು ವರ್ಷ ಹಿಡಿಯಿತು.

ಆ ಗಿಟಾರನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅದರ ಕುತ್ತಿಗೆಯನ್ನು ಹಳೆಯ ಬೆಂಕಿಗೂಡೊಂದರ ಚೌಕಟ್ಟಿನ ಮಹಾಗನಿ ಮರದಿಂದ ಕೆತ್ತಲಾಯಿತು. ಮರದಲ್ಲಿ ಹುಳು ಕೊರೆದಿದ್ದ ತೂತುಗಳನ್ನು ಬೆಂಕಿಕಡ್ಡಿಗಳಿಂದ ಮುಚ್ಚಿದರು. ಒಡಲಿಗೆ ಹಳೆಯ ಮೇಜಿನ ಓಕ್ ಮರ ಬಳಕೆಯಾಯಿತು. ಬೆರಳಿಡುವ ಸ್ಥಾನಗಳನ್ನು ಗುರುತಿಸುವ ಬಿಳಿಯ ಚುಕ್ಕೆಗಳು ತಾಯಿಯ ಹೊಲಿಗೆ ಪೆಟ್ಟಿಗೆಯಲ್ಲಿದ್ದ ಮುತ್ತಿನ ಚಿಪ್ಪಿನ ಗುಂಡಿಗಳು. ಸ್ವರವನ್ನು ಅಲುಗಾಡಿಸುವ ಸಾಧನಕ್ಕೆ ಹಳೆಯ ಮೋಟಾರ್‌ಸೈಕಲ್ಲಿನ ಎರಡು ವಾಲ್ವ್ ಸ್ಪ್ರಿಂಗುಗಳು ಸಿಕ್ಕವು, ಅದರ ಹಿಡಿಯ ತುದಿಗೆ ಸ್ವೆಟರ್ ಹೆಣೆಯುವ ಕಡ್ಡಿಯ ತುಣುಕು. ಇದೆಲ್ಲ ಬಡತನದ ಕಸರತ್ತು ಮಾತ್ರವಲ್ಲ. ಧ್ವನಿವರ್ಧಕದಿಂದ ಹೊರಟ ಸದ್ದು ಗಾಳಿಯಲ್ಲಿ ಬಂದು ತಂತಿಯನ್ನು ಮತ್ತೆ ಕಂಪಿಸುವಂತೆ ಮಾಡಿದರೆ ಸ್ವರ ಬಹುಕಾಲ ನಿಲ್ಲುತ್ತದೆ ಎಂಬುದನ್ನು ಮೊದಲೇ ಲೆಕ್ಕಹಾಕಿ, ಒಡಲೊಳಗೆ ಬೇಕೆಂದೇ ಪೊಳ್ಳು ಜಾಗಗಳನ್ನು ಬಿಟ್ಟಿದ್ದರು. ಕ್ವೀನ್ ಹಾಡುಗಳಲ್ಲಿ ಗಿಟಾರ್ ಮನುಷ್ಯರ ಕಂಠದಂತೆ ದೀರ್ಘವಾಗಿ ಹಾಡುವುದರ ಹಿಂದೆ ಈ ಲೆಕ್ಕಾಚಾರವಿದೆ. 'ರೆಡ್ ಸ್ಪೆಷಲ್' ಎಂದು ಹೆಸರಾದ ಆ ವಾದ್ಯವನ್ನು ಅವರು ನಾಣ್ಯದ ಅಂಚಿನಿಂದ ಮೀಟುತ್ತಾರೆ.

ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಪದವಿ ಪಡೆದ ಬ್ರಯಾನ್ ಅಲ್ಲಿಯೇ ಸಂಶೋಧನೆಗೆ ತೊಡಗಿದರು. ಸೌರವ್ಯೂಹದಲ್ಲಿ ಹರಡಿರುವ ಧೂಳು ಯಾವ ವೇಗದಲ್ಲಿ ಚಲಿಸುತ್ತದೆ ಎಂಬುದು ಅವರ ವಿಷಯ. ಅದಕ್ಕಾಗಿ ಟೆನೆರೀಫ್ ದ್ವೀಪದಲ್ಲಿ ಆಕಾಶವೀಕ್ಷಣೆಯನ್ನೂ ನಡೆಸಿದರು. ಈ ನಡುವೆ, 1970ರಲ್ಲಿ, ಫ್ರೆಡ್ಡಿ ಮರ್ಕ್ಯುರಿ ಮತ್ತು ರೋಜರ್ ಟೇಲರ್ ಅವರೊಂದಿಗೆ ಕ್ವೀನ್ ಹುಟ್ಟಿತು, ಮರುವರ್ಷ ಜಾನ್ ಡೀಕನ್ ಸೇರಿದರು. ತಂಡಕ್ಕೆ ಯಶಸ್ಸು ಒದಗುತ್ತಿದ್ದಂತೆ ಮಹಾಪ್ರಬಂಧ ಅರ್ಧಕ್ಕೆ ನಿಂತಿತು. ಗಿಟಾರ್ ಮಾಡಲು ಜೊತೆಗೆ ಕುಳಿತಿದ್ದ ತಂದೆಗೇ ಮಗನ ಈ ನಿರ್ಧಾರ ಬಹಳ ನೋವು ಕೊಟ್ಟಿತು ಎಂಬುದನ್ನು ನಾವು ಹಗುರವಾಗಿ ತೆಗೆದುಕೊಳ್ಳಬಾರದು. ಮುಂದೆ ನ್ಯೂಯಾರ್ಕಿನಲ್ಲಿ ಮಗನ ಸಂಗೀತ ಕಛೇರಿಯನ್ನು ಕಣ್ಣಾರೆ ಕಂಡ ಮೇಲೆ ಅವರ ಮನಸ್ಸು ತಿಳಿಯಾಯಿತು.

ನಿಂತದ್ದು ಪ್ರಬಂಧ, ಭೌತಶಾಸ್ತ್ರವಲ್ಲ. 1977ರಲ್ಲಿ ಬ್ರಯಾನ್ ರಚಿಸಿದ 'ವಿ ವಿಲ್ ರಾಕ್ ಯೂ' ಹಾಡಿನ ಆರಂಭದಲ್ಲಿ ಸಾವಿರಾರು ಜನ ಕಾಲು ಕುಟ್ಟಿ ಚಪ್ಪಾಳೆ ತಟ್ಟುವಂತೆ ಕೇಳಿಸುತ್ತದೆಯಲ್ಲವೇ? ಸ್ಟುಡಿಯೋದಲ್ಲಿದ್ದವರು ಕೆಲವೇ ಜನ, ಅವರ ಕಾಲಡಿಯಲ್ಲಿದ್ದದ್ದು ಹಳೆಯ ಹಲಗೆಗಳು. ಅದೇ ಸದ್ದನ್ನು ಮತ್ತೆಮತ್ತೆ ಮುದ್ರಿಸಿ, ಪ್ರತಿಯೊಂದು ಪದರವನ್ನೂ ಬೇರೆ ಬೇರೆ ದೂರದಿಂದ ಬಂದಂತೆ ತುಸು ತಡಮಾಡಿ ಸೇರಿಸಿದರು. ಆ ಅಂತರಗಳನ್ನು ಅವಿಭಾಜ್ಯ ಸಂಖ್ಯೆಗಳ ಆಧಾರದ ಮೇಲೆ ಆರಿಸಿದ್ದರಿಂದ ಅದು ಪ್ರತಿಧ್ವನಿಯಾಗದೆ ಜನಸಮೂಹವಾಗಿ ಕೇಳಿಸಿತು.

ಮೂರು ದಶಕಗಳ ನಂತರ ಬ್ರಯಾನ್ ಹಳೆಯ ಟಿಪ್ಪಣಿಗಳನ್ನು ಕೈಗೆತ್ತಿಕೊಂಡರು. ಆ ಧೂಳಿನ ಚಲನೆಯ ಮೇಲೆ ಅಷ್ಟು ವರ್ಷಗಳಲ್ಲಿ ಹೆಚ್ಚಿನ ಕೆಲಸ ನಡೆಯದಿದ್ದುದರಿಂದ ಅವರ ವೀಕ್ಷಣೆಗಳು ಇನ್ನೂ ಉಪಯುಕ್ತವಾಗಿದ್ದವು, ಮತ್ತು 2007ರಲ್ಲಿ ಅದೇ ಇಂಪೀರಿಯಲ್ ಕಾಲೇಜು ಅವರ ಮಹಾಪ್ರಬಂಧವನ್ನು ಅಂಗೀಕರಿಸಿತು. 2019ರ ಮೊದಲ ದಿನ 'ನ್ಯೂ ಹೊರೈಜನ್ಸ್' ನೌಕೆ ಪ್ಲೂಟೋದಾಚೆಯ ಪುಟ್ಟ ಕಾಯವೊಂದನ್ನು ಹಾದುಹೋದಾಗ ಅದಕ್ಕೊಂದು ಹಾಡು ಕಟ್ಟಿದವರೂ ಅವರೇ, ನೌಕೆ ಕಳಿಸಿದ ಚಿತ್ರಗಳನ್ನು ಜೋಡಿಸಿ ಆ ಕಾಯದ ಉಬ್ಬುತಗ್ಗು ಕಾಣುವಂತೆ ಮಾಡಿದವರೂ ಅವರೇ.