ಸುಂಕದ ಕಟ್ಟೆಯ ಕಾದಂಬರಿಕಾರ: ಹರ್ಮನ್ ಮೆಲ್ವಿಲ್

ಮಾನ್ಯ ಅಧ್ಯಕ್ಷರೇ, ಸಾಹಿತ್ಯಾಸಕ್ತ ಬಂಧುಗಳೇ,

ಅಮೆರಿಕದ ಕಾದಂಬರಿಕಾರ ಹರ್ಮನ್ ಮೆಲ್ವಿಲ್‌ನ ಬದುಕನ್ನು ವಿವರಿಸುವವರು ಸಾಮಾನ್ಯವಾಗಿ ಒಂದೇ ಕಥೆ ಹೇಳುತ್ತಾರೆ. ಯೌವನದಲ್ಲಿ ಕಡಲು, ಮೂವತ್ತರ ಆಸುಪಾಸಿನಲ್ಲಿ ತಿಮಿಂಗಿಲ ಬೇಟೆಯ ಕಾದಂಬರಿ ‘ಮೋಬಿ ಡಿಕ್’, ಅದರ ಬೆನ್ನಿಗೇ ಸೋಲು, ಸೋಲಿನ ನಂತರ ದೀರ್ಘ ಮೌನ. ಈ ಕಥೆಯ ಕೊನೆಯ ಮಾತನ್ನು ನಾನು ಒಪ್ಪಲಾರೆ. 1857ರ ನಂತರ ಅವನು ಕಾದಂಬರಿ ಪ್ರಕಟಿಸಲಿಲ್ಲ ಎಂಬುದು ನಿಜ, ಆದರೆ ಬರೆಯುವುದನ್ನು ಅವನು ಎಂದೂ ಬಿಡಲಿಲ್ಲ.

ಮೆಲ್ವಿಲ್ ಹುಟ್ಟಿದ್ದು 1819ರ ಆಗಸ್ಟ್ 1ರಂದು, ನ್ಯೂಯಾರ್ಕಿನಲ್ಲಿ. ಆಮದು ವ್ಯಾಪಾರದಲ್ಲಿ ಕೈಸುಟ್ಟುಕೊಂಡಿದ್ದ ತಂದೆ 1832ರಲ್ಲಿ ಸಾಲ ಬಿಟ್ಟು ತೀರಿಕೊಂಡಾಗ ಹುಡುಗನಿಗೆ ಇನ್ನೂ ಹನ್ನೆರಡು ವರ್ಷ. ಬ್ಯಾಂಕಿನ ಗುಮಾಸ್ತಿಕೆ, ಹಳ್ಳಿ ಶಾಲೆಯ ಮೇಷ್ಟರಿಕೆ ಎಂದು ಅಲ್ಲಿಲ್ಲಿ ದುಡಿದು, 1841ರ ಜನವರಿಯಲ್ಲಿ ಅವನು ‘ಅಕುಷ್ನೆಟ್’ ಎಂಬ ತಿಮಿಂಗಿಲ ಬೇಟೆಯ ಹಡಗು ಹತ್ತಿದ. ಮರುವರ್ಷ ಪೆಸಿಫಿಕ್ ಸಾಗರದ ನುಕುಹಿವಾ ದ್ವೀಪದಲ್ಲಿ ಗೆಳೆಯನೊಬ್ಬನ ಜೊತೆ ಹಡಗಿನಿಂದ ತಪ್ಪಿಸಿಕೊಂಡು, ನರಭಕ್ಷಕರೆಂದು ನಾವಿಕರು ಹೆದರುತ್ತಿದ್ದ ಜನರ ಕಣಿವೆಯಲ್ಲಿ ಸುಮಾರು ಒಂದು ತಿಂಗಳು ಕಳೆದ. ಆ ಅನುಭವದಿಂದ ಹುಟ್ಟಿದ ‘ಟೈಪೀ’ 1846ರಲ್ಲಿ ಹೊರಬಂದಾಗ ಒಂದು ತಿಂಗಳು ನಾಲ್ಕು ತಿಂಗಳಾಗಿ ಬೆಳೆದಿತ್ತು. ಓದುಗರು ಅದನ್ನು ಮೆಚ್ಚಿದರು, ಮುಂದೆಯೂ ಅವನಿಂದ ಅಂಥ ಸಾಹಸಕಥೆಗಳನ್ನೇ ಬಯಸಿದರು. ಅವನ ಕಷ್ಟಗಳ ಬೇರು ಈ ಮೊದಲ ಯಶಸ್ಸಿನಲ್ಲಿಯೇ ಇದೆ ಎಂದು ನನಗೆ ಅನ್ನಿಸುತ್ತದೆ.

1850ರ ಆಗಸ್ಟಿನಲ್ಲಿ ಮ್ಯಾಸಚೂಸೆಟ್ಸಿನ ಬರ್ಕ್‌ಷೈರ್ ಬೆಟ್ಟಗಳಲ್ಲಿ ಅವನಿಗೆ ನಥಾನಿಯಲ್ ಹಾಥಾರ್ನ್‌ನ ಪರಿಚಯವಾಯಿತು. ಆ ಹಿರಿಯ ಲೇಖಕನ ನೆರೆಯಲ್ಲಿ, ಪಿಟ್ಸ್‌ಫೀಲ್ಡ್ ಬಳಿ ಕೊಂಡ ಹೊಲಮನೆಯಲ್ಲಿ ಕುಳಿತು ಅವನು ‘ಮೋಬಿ ಡಿಕ್’ ಮುಗಿಸಿ, ಅದನ್ನು ಹಾಥಾರ್ನ್‌ನಿಗೇ ಅರ್ಪಿಸಿದ. 1851ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಮೊದಲು ಅಚ್ಚಾದ ಆವೃತ್ತಿಯಿಂದ ಕೊನೆಯ ಪುಟದ ಉಪಸಂಹಾರವೇ ಬಿಟ್ಟುಹೋಗಿತ್ತು. ಹಡಗು ಮುಳುಗಿ ಎಲ್ಲರೂ ಸತ್ತ ಮೇಲೆ ಈ ಕಥೆಯನ್ನು ಹೇಳುತ್ತಿರುವವನು ಯಾರು ಎಂದು ಅಲ್ಲಿನ ವಿಮರ್ಶಕರು ಕೇಳಿದರು. ನಿರೂಪಕ ಇಷ್ಮಾಯೆಲ್ ಶವಪೆಟ್ಟಿಗೆಯೊಂದನ್ನು ಹಿಡಿದು ತೇಲಿ ಬದುಕುಳಿದ ಸಂಗತಿ ಇದ್ದದ್ದೇ ಆ ಪುಟದಲ್ಲಿ. ಮೆಲ್ವಿಲ್‌ನ ಜೀವಮಾನದಲ್ಲಿ ಈ ಕಾದಂಬರಿ ಅಮೆರಿಕದಲ್ಲಿ ಮಾರಾಟವಾದದ್ದು ಸುಮಾರು 3,200 ಪ್ರತಿಗಳು ಮಾತ್ರ. 1852ರ ‘ಪಿಯೇರ್’ ಇನ್ನೂ ಕೆಟ್ಟದಾಗಿ ಸೋತಿತು. 1853ರಲ್ಲಿ ಪ್ರಕಾಶಕರ ಕಟ್ಟಡಕ್ಕೆ ಬೆಂಕಿ ಬಿದ್ದು ಅವನ ಪುಸ್ತಕಗಳ ದಾಸ್ತಾನು ಸುಟ್ಟುಹೋಯಿತು. ಅದೇ ವರ್ಷ ಅವನು ಬರೆದ ‘ಬಾರ್ಟಲ್ಬಿ’ ಎಂಬ ಕಥೆಯಲ್ಲಿ, ವಾಲ್ ಸ್ಟ್ರೀಟಿನ ವಕೀಲರ ಕಚೇರಿಯಲ್ಲಿ ದಸ್ತಾವೇಜು ನಕಲು ಮಾಡುವ ಗುಮಾಸ್ತನೊಬ್ಬ, ಹೇಳಿದ ಕೆಲಸಗಳನ್ನೆಲ್ಲ ಅತ್ಯಂತ ಸೌಜನ್ಯದಿಂದ ಒಲ್ಲೆನೆನ್ನುತ್ತಾ ಹೋಗುತ್ತಾನೆ.

ಮೆಲ್ವಿಲ್ ಹಾಗೆ ಒಲ್ಲೆನೆನ್ನುವ ಸ್ಥಿತಿಯಲ್ಲಿರಲಿಲ್ಲ. ಮಾವನಾದ ನ್ಯಾಯಮೂರ್ತಿ ಲೆಮುಯೆಲ್ ಶಾ ಅವರ ನೆರವಿನಿಂದ ಸಂಸಾರ ಸಾಗುತ್ತಿತ್ತು, ಉಪನ್ಯಾಸ ಪ್ರವಾಸಗಳಿಂದ ಹೆಚ್ಚೇನೂ ಗಿಟ್ಟಲಿಲ್ಲ. ಕೊನೆಗೆ 1866ರ ಡಿಸೆಂಬರಿನಲ್ಲಿ, ದಿನಕ್ಕೆ 4 ಡಾಲರ್ ಸಂಬಳದ ಮೇಲೆ, ನ್ಯೂಯಾರ್ಕ್ ಬಂದರಿನಲ್ಲಿ ಸುಂಕದ ತಪಾಸಣಾಧಿಕಾರಿಯ ಕೆಲಸಕ್ಕೆ ಸೇರಿದ. ಲಂಚಕ್ಕೆ ಕುಖ್ಯಾತವಾಗಿದ್ದ ಆ ಕಟ್ಟೆಯಲ್ಲಿ 19 ವರ್ಷ ಕೈ ಕೊಳೆ ಮಾಡಿಕೊಳ್ಳದೆ ದುಡಿದ. ಸೇರಿದ ಮರುವರ್ಷವೇ ಹದಿನೆಂಟರ ಹಿರಿಯ ಮಗ ಮಾಲ್ಕಮ್ ತನ್ನ ಕೋಣೆಯಲ್ಲಿ ಗುಂಡೇಟಿನಿಂದ ಸತ್ತುಬಿದ್ದಿದ್ದ. ಆ ಮನೆಯ ದುಃಖವನ್ನು ಊಹೆಯಿಂದ ತುಂಬಿಸಲು ನಾನು ಹೋಗುವುದಿಲ್ಲ.

ಇಂಥ ವರ್ಷಗಳಲ್ಲಿ, ಹಗಲೆಲ್ಲ ಹಡಗುಕಟ್ಟೆಗಳಲ್ಲಿ ಸರಕು ತಪಾಸಣೆ ಮಾಡಿ ಬಂದವನು ಬಿಡುವಿನ ವೇಳೆಯಲ್ಲಿ ‘ಕ್ಲಾರೆಲ್’ ಎಂಬ ಕಾವ್ಯವನ್ನು ಕಟ್ಟುತ್ತಿದ್ದ. ಹಿಂದೆ ತಾನೇ ಕಂಡಿದ್ದ ಜೆರುಸಲೇಮಿನ ನೆಲದಲ್ಲಿ, ನಂಬಿಕೆ ಅಲುಗಾಡಿದ ತರುಣನೊಬ್ಬನ ಯಾತ್ರೆಯನ್ನು ಹೇಳುವ ಈ ಕೃತಿಯಲ್ಲಿ ಸುಮಾರು 18,000 ಸಾಲುಗಳಿವೆ. ಸೋದರಮಾವ ಕೊಟ್ಟ ಹಣದಿಂದ 1876ರಲ್ಲಿ ಅಚ್ಚಾದದ್ದು 350 ಪ್ರತಿಗಳು. ಇದು ಓದಲು ಸುಲಭವಾದ ಕಾವ್ಯವಲ್ಲ, ಅನೇಕ ಕಡೆ ಅದರ ನಡೆ ಕುಂಟುತ್ತದೆ. ಆದರೂ ಕೇಳುವವರಿಲ್ಲದ ಕಾಲದಲ್ಲಿ ಒಬ್ಬ ಲೇಖಕ ತನ್ನ ಅತ್ಯಂತ ದೊಡ್ಡ ಸಂಶಯಗಳನ್ನು ಇಷ್ಟು ತಾಳ್ಮೆಯಿಂದ ವಿಚಾರಿಸಿದ್ದನ್ನು ಮೌನವೆಂದು ಕರೆಯುವುದು ಹೇಗೆ? 1888ರಲ್ಲಿ ಮತ್ತೊಂದು ಕವನಸಂಕಲನ ತಂದಾಗ ಅವನು ಅಚ್ಚು ಹಾಕಿಸಿದ್ದು ಕೇವಲ 25 ಪ್ರತಿ.

1885ರ ಕೊನೆಯಲ್ಲಿ ನಿವೃತ್ತನಾದ ಮೇಲೆ, ಗಲ್ಲಿಗೇರಲಿರುವ ನಾವಿಕನ ಕುರಿತ ಕವಿತೆಯೊಂದಕ್ಕೆ ಅವನು ಗದ್ಯದಲ್ಲಿ ಚಿಕ್ಕದೊಂದು ಪೀಠಿಕೆ ಬರೆಯತೊಡಗಿದ. ಆ ಪೀಠಿಕೆಯೇ ತಿದ್ದಿ ತಿದ್ದಿ ಹಿಗ್ಗಿ, 1797ರ ಬ್ರಿಟಿಷ್ ಯುದ್ಧನೌಕೆಯೊಂದರಲ್ಲಿ ನಡೆಯುವ ‘ಬಿಲ್ಲಿ ಬಡ್’ ಎಂಬ ಕಿರುಕಾದಂಬರಿಯಾಯಿತು. ದಂಗೆಯ ಸುಳ್ಳು ಆಪಾದನೆಗೆ ಗುರಿಯಾದ ಮುಗ್ಧ ನಾವಿಕ, ಉಗ್ಗಿನಿಂದ ಮಾತು ಹೊರಡದೆ ಆಪಾದಿಸಿದವನನ್ನು ಹೊಡೆಯುತ್ತಾನೆ, ಆ ಒಂದೇ ಏಟಿಗೆ ಆಪಾದಿಸಿದವನು ಸಾಯುತ್ತಾನೆ. ನಾವಿಕನ ಮನಸ್ಸು ನಿರ್ದೋಷಿಯೆಂದು ಬಲ್ಲ ಕಪ್ತಾನನೇ ಕಾನೂನಿನ ಹೆಸರಿನಲ್ಲಿ ಅವನನ್ನು ಗಲ್ಲಿಗೆ ಕಳುಹಿಸುತ್ತಾನೆ. ತಿಮಿಂಗಿಲದ ಕಾದಂಬರಿಯ ಅಬ್ಬರ ಇಲ್ಲಿಲ್ಲ. ಇಲ್ಲಿ ಪ್ರತಿ ವಾಕ್ಯವೂ ತೀರ್ಪು ಕೊಡಲು ಹಿಂಜರಿಯುತ್ತದೆ, ಅದಕ್ಕೇ ಇದು ನನಗೆ ಅವನ ಅತ್ಯಂತ ಪಕ್ವವಾದ ಗದ್ಯವಾಗಿ ಕಾಣುತ್ತದೆ.

ಮೆಲ್ವಿಲ್ 1891ರ ಸೆಪ್ಟೆಂಬರ್ 28ರಂದು ತೀರಿಕೊಂಡ. ಮನೆಯವರು ಕಾಪಾಡಿಕೊಂಡು ಬಂದಿದ್ದ ಕಾಗದಗಳನ್ನು ಮೊಮ್ಮಗಳು ಜೀವನಚರಿತ್ರಕಾರ ರೇಮಂಡ್ ವೀವರ್‌ಗೆ ತೋರಿಸಿದಳು, 1924ರಲ್ಲಿ ‘ಬಿಲ್ಲಿ ಬಡ್’ ಮೊದಲ ಬಾರಿಗೆ ಅಚ್ಚಾಯಿತು. ಹೊಡೆದುಹಾಕಿದ ಸಾಲುಗಳೂ ಮೇಲೆ ಅಂಟಿಸಿದ ಚೀಟಿಗಳೂ ತುಂಬಿದ ಆ ಹಸ್ತಪ್ರತಿಯ ತುದಿಯಲ್ಲಿ, ಪುಸ್ತಕ ಮುಗಿಯಿತೆಂದು ಬರೆದು ಅವನೇ ತಾರೀಖು ಹಾಕಿದ್ದಾನೆ: 1891ರ ಏಪ್ರಿಲ್ 19.