ಟ್ಯೂಬಿಂಗನ್‌ನಲ್ಲಿ ಒಂದು ಮಧ್ಯಾಹ್ನ

ಕೇಳುಗರೇ, ನಮಸ್ಕಾರ.

ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ಸುಮಾರು ಒಂದು ಗಂಟೆ ರೈಲಿನಲ್ಲಿ ಹೋದರೆ ಟ್ಯೂಬಿಂಗನ್ ಸಿಗುತ್ತದೆ. 1477ರಲ್ಲಿ ಇಲ್ಲಿ ವಿಶ್ವವಿದ್ಯಾಲಯ ಶುರುವಾಯಿತು. ಇವತ್ತಿಗೂ ಊರಿನ ಬದುಕು ಅದರ ಸುತ್ತಲೇ. ನಾನು ಹೋದದ್ದು ಊಟದ ಹೊತ್ತು ಕಳೆದ ಮೇಲೆ.

ನೆಕ್ಕರ್ ನದಿಯ ಸೇತುವೆ ಮೇಲೆ ನಿಂತರೆ ದಡದಲ್ಲಿ ಒಂದು ಹಳದಿ ಗೋಪುರ ಕಾಣುತ್ತದೆ. ಕವಿ ಹೋಲ್ಡರ್‌ಲಿನ್ ಇದ್ದ ಜಾಗ. ಬುದ್ಧಿ ಕೆಟ್ಟಿದೆ, ಹೆಚ್ಚೆಂದರೆ ಮೂರು ವರ್ಷ ಬದುಕಬಹುದು ಎಂದು ವೈದ್ಯರು ಕೈಬಿಟ್ಟಿದ್ದರು. 1807ರಲ್ಲಿ ಝಿಮ್ಮರ್ ಎಂಬ ಬಡಗಿ ಅವರನ್ನು ಮನೆಗೆ ಕರೆತಂದ. ಕವಿ ಅಲ್ಲಿ 36 ವರ್ಷ ಬದುಕಿದರು! ಊರಿನವರು ತತ್ವಜ್ಞಾನಿ ಹೇಗೆಲ್ ಓದಿದ ಊರು ಎಂದು ಹೆಮ್ಮೆಪಡುತ್ತಾರೆ. ನನಗೇನೋ ಆ ಬಡಗಿಯೇ ಜಾಸ್ತಿ ಇಷ್ಟವಾದ.

ಕಲ್ಲುಹಾಸಿನ ಓಣಿಗಳಲ್ಲಿ ಏದುಸಿರು ಬಿಡುತ್ತಾ ಕೋಟೆ ಹತ್ತಿದೆ. ದಾರಿಯಲ್ಲಿ ಜರ್ಮನ್ ಕವಿ ಗಯಟೆ ಉಳಿದಿದ್ದ ಮನೆಗೆ ಒಂದು ಗಂಭೀರ ಫಲಕ. ಪಕ್ಕದ ಕಟ್ಟಡದಲ್ಲಿ ಇನ್ನೊಂದು: 'ಗಯಟೆ ಇಲ್ಲಿ ವಾಂತಿ ಮಾಡಿದ್ದರು'. ವಿದ್ಯಾರ್ಥಿಗಳ ಊರು, ಅಲ್ವಾ! ಮೇಲೆ ಕೋಟೆಯ ಹಳೆಯ ಅಡುಗೆಮನೆಯೇ ಒಂದು ಕಾಲದ ಪ್ರಯೋಗಾಲಯ. ಮೀಷರ್ ಎಂಬ ತರುಣ ಆಸ್ಪತ್ರೆಯ ಬ್ಯಾಂಡೇಜುಗಳ ಕೀವು ತೊಳೆದು ತೊಳೆದು, 1869ರಲ್ಲಿ ಅದರಿಂದ ಒಂದು ಹೊಸ ವಸ್ತು ಬೇರ್ಪಡಿಸಿದ. ನಾವು ಈಗ ಡಿಎನ್‌ಎ ಎನ್ನುವುದನ್ನು ಮೊದಲು ಕೈಗೆ ತಂದುಕೊಟ್ಟದ್ದು ಆ ಕೀವು.

ಆದರೆ ಕನ್ನಡಿಗರು ಇಲ್ಲಿ ಸುಮ್ನೆ ಪ್ರವಾಸಿಗಳಲ್ಲ. 1843ರಲ್ಲಿ ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರತಂದ ಹರ್ಮನ್ ಮೊಗ್ಲಿಂಗ್ ಓದಿದ್ದು ಇಲ್ಲೇ. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಅವರು ಅಚ್ಚು ಹಾಕಿಸಿದರು. ಆ ಕೆಲಸಕ್ಕೆ ಈ ವಿಶ್ವವಿದ್ಯಾಲಯ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಧಾರವಾಡ, ಮಂಗಳೂರು, ಮಡಿಕೇರಿ ಎಂದು ಅಲೆದ ಕಿಟೆಲ್ ಅವರ ನಿಘಂಟು 1894ರಲ್ಲಿ ಬಂತು. ಸುಮಾರು 70,000 ಪದಗಳು. ಅವರಿಗೂ 1896ರಲ್ಲಿ ಇಲ್ಲಿಂದಲೇ ಡಾಕ್ಟರೇಟ್.

ಕಿಟೆಲ್ ಕೊನೆಗಾಲದಲ್ಲಿ ಈ ಊರಿನಲ್ಲೇ ನೆಲೆಸಿದ್ದರು. ಕಣ್ಣು ಮುಚ್ಚಿದ್ದೂ ಇಲ್ಲೇ, 1903ರ ಡಿಸೆಂಬರ್‌ನಲ್ಲಿ. ಅದೇ ವರ್ಷ ಮಂಗಳೂರಿನಲ್ಲಿ ಅವರ ಕನ್ನಡ ವ್ಯಾಕರಣ ಅಚ್ಚಾಗಿತ್ತು.

ನಮಸ್ಕಾರ.