ಬೀರುವಿನೊಳಗೆ ಒಬ್ಬನಿದ್ದಾನೆ, ಯಾರಿಗೆ ಗೊತ್ತು?

ಕೇಳುಗರಿಗೆ ನಮಸ್ಕಾರ.

ಕ್ಯಾಮೆರಾ ಬಗ್ಗೆ ರೇಡಿಯೊದಲ್ಲಿ ಮಾತಾಡಿ ಅಂದಾಗ ನನಗೆ ನಗು ಬಂತು. ತೋರಿಸೋಕೆ ಇಲ್ಲಿ ಏನೂ ಇಲ್ಲ, ಬರೀ ಮೈಕು. ಹಾಗಾಗಿ ನೀವೇ ಸ್ವಲ್ಪ ಕೆಲಸ ಮಾಡಬೇಕು. ಒಂದು ಸೀನ್ ಹೇಳುತ್ತೇನೆ, ಮನಸ್ಸಿನಲ್ಲೇ ನೋಡುತ್ತಾ ಬನ್ನಿ.

ರಾತ್ರಿ. ಒಬ್ಬ ಹುಡುಗಿ ತನ್ನ ಕೋಣೆಗೆ ವಾಪಸ್ ಬರುತ್ತಾಳೆ. ಬ್ಯಾಗಿನಿಂದ ಕೀ ತೆಗೆಯುತ್ತಾಳೆ. ನೋಡಿದರೆ ಬಾಗಿಲಿಗೆ ಬೀಗವೇ ಇಲ್ಲ, ಸುಮ್ನೆ ಮುಂದೆ ಮಾಡಿದೆ. ಒಳಗೆ ಹೋಗುತ್ತಾಳೆ. ಮಂಚ, ಮೇಜು, ಒಂದು ಬೀರು. ಎಲ್ಲ ಇದ್ದ ಹಾಗೇ ಇದೆ. ಆದರೆ ಬೀರುವಿನೊಳಗೆ ಒಬ್ಬ ಅಡಗಿದ್ದಾನೆ. ಇಷ್ಟೇ ಕಥೆ. ಮಾತಿಲ್ಲ, ಎರಡು ನಿಮಿಷದ ಸೀನ್. ವಿದ್ಯಾರ್ಥಿಗಳ ಕೈಗೆ ಎಟಕುವಂಥ ಥ್ರಿಲ್ಲರ್ ಇದು. ಒಂದು ಕೋಣೆ, ಇಬ್ಬರು ನಟರು, ಒಂದು ಕ್ಯಾಮೆರಾ ಇದ್ದರೆ ಸಾಕು.

ಕ್ಯಾಮೆರಾ ಎಲ್ಲಿಡುತ್ತೀರಿ?

ಹೊಸಬರು ಏನು ಹೇಳುತ್ತಾರೆಂದು ನನಗೆ ಬಾಯಿಪಾಠ. ಸೂರಿನಿಂದ ಒಂದು ಟಾಪ್ ಆ್ಯಂಗಲ್, ನೆಲದಿಂದ ಒಂದು ಲೋ ಆ್ಯಂಗಲ್, ಆಮೇಲೆ ಕ್ಯಾಮೆರಾ ಓರೆ ಮಾಡಿ ಇನ್ನೊಂದು. ಬೈಯುತ್ತಿಲ್ಲ, ನಾನೂ ಹಾಗೇ ಇದ್ದೆ. ನನ್ನ ಮೊದಲ ಕಿರುಚಿತ್ರದಲ್ಲಿ ನೆಟ್ಟಗಿದ್ದ ಫ್ರೇಮೇ ಇರಲಿಲ್ಲ. ತೋರಿಸಿ ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು, ‘ಟ್ರೈಪಾಡಿನ ಒಂದು ಕಾಲು ಮುರಿದಿತ್ತಾ?’

ಆ ಓರೆ ಫ್ರೇಮಿಗೆ ಡಚ್ ಆ್ಯಂಗಲ್ ಎನ್ನುತ್ತಾರೆ. ಡಚ್ಚರಿಗೂ ಅದಕ್ಕೂ ಸಂಬಂಧವಿಲ್ಲ. ಜರ್ಮನ್ ಎನ್ನಲು ಜರ್ಮನ್ನರ ಭಾಷೆಯಲ್ಲಿರುವ ‘ಡಾಯ್ಚ್’ ಎಂಬ ಪದ ಬಾಯಿಂದ ಬಾಯಿಗೆ ಕೆಟ್ಟು ಡಚ್ ಆಗಿದೆ. ಒಬ್ಬರ ಮನಸ್ಸಿನ ಸಮತೋಲ ತಪ್ಪಿದ್ದನ್ನು ಹೇಳಲು ಅದು ಒಳ್ಳೆಯ ಉಪಾಯವೇ. ಆದರೆ ಸುತ್ತಲಿನ ಹತ್ತು ಫ್ರೇಮು ನೆಟ್ಟಗಿದ್ದರೆ ಮಾತ್ರ ಹನ್ನೊಂದನೆಯದು ಓರೆ ಎಂದು ಗೊತ್ತಾಗುತ್ತದೆ, ಅಲ್ವಾ?

ನಾನು ತಡವಾಗಿ ಕಲಿತದ್ದು ಇದು. ಆ್ಯಂಗಲ್ ಯೋಚಿಸುವ ಮೊದಲು ಇನ್ನೊಂದು ಪ್ರಶ್ನೆಗೆ ಉತ್ತರ ಬೇಕು. ಬೀರುವಿನಲ್ಲಿ ಒಬ್ಬನಿದ್ದಾನೆ ಅನ್ನೋದು ಯಾರಿಗೆ ಗೊತ್ತು? ಹುಡುಗಿಗಾ, ನೋಡುವವನಿಗಾ, ಇಬ್ಬರಿಗೂ ಇಲ್ಲವಾ?

ಇಬ್ಬರಿಗೂ ಗೊತ್ತಿಲ್ಲ ಅಂದುಕೊಳ್ಳಿ. ಆಗ ಕ್ಯಾಮೆರಾ ಹುಡುಗಿಯನ್ನು ಬಿಟ್ಟು ಕದಲಬಾರದು. ಅವಳ ಬೆನ್ನ ಹಿಂದೆ, ಹೆಗಲ ಮೇಲಿಂದ, ಇಲ್ಲವೇ ಅವಳ ಕಣ್ಣೇ ಕ್ಯಾಮೆರಾ. ಅವಳಿಗಿಂತ ಮೊದಲು ಒಳಗೆ ಕಾಲಿಟ್ಟರೆ ಆಟ ಕೆಟ್ಟಿತು.

ನೋಡುವವನಿಗೆ ಮಾತ್ರ ಗೊತ್ತು ಅಂದರೆ ಎಲ್ಲ ತಿರುಗುಮುರುಗು. ಥ್ರಿಲ್ಲರ್ ಚಿತ್ರಗಳ ನಿರ್ದೇಶಕ ಹಿಚ್‌ಕಾಕ್ ಇದಕ್ಕೆ ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಕೊಡುತ್ತಿದ್ದರು. ಇಬ್ಬರು ಕೂತು ಹರಟುತ್ತಿದ್ದಾರೆ, ಬಾಂಬು ಇದ್ದಕ್ಕಿದ್ದಂತೆ ಸಿಡಿಯುತ್ತದೆ. ನೋಡುವವನು ಬೆಚ್ಚುವುದು 15 ಸೆಕೆಂಡು. ಅದೇ ಬಾಂಬನ್ನು ಮೊದಲೇ ತೋರಿಸಿದರೆ, ಆ ಬೇಸರದ ಹರಟೆಯನ್ನೇ ಅವನು 15 ನಿಮಿಷ ಉಸಿರು ಬಿಗಿಹಿಡಿದು ನೋಡುತ್ತಾನೆ. ನಮ್ಮ ಸೀನಿಗೂ ಅಷ್ಟೇ. ಹುಡುಗಿ ಬರುವ ಮೊದಲೇ ಕ್ಯಾಮೆರಾ ಕೋಣೆಯಲ್ಲಿ ಕೂತಿರಬೇಕು.

ಇನ್ನು ಹುಡುಗಿಗೆ ಮಾತ್ರ ಗೊತ್ತು ಅನ್ನುವುದು ಸ್ವಲ್ಪ ತುಂಟತನದ ದಾರಿ. ಅವಳು ಏನನ್ನೋ ನೋಡಿ ನಿಂತುಬಿಡುತ್ತಾಳೆ. ನಾವು ಅವಳ ಮುಖದ ಮೇಲೇ ಇರುತ್ತೇವೆ, ಅವಳು ನೋಡಿದ್ದನ್ನು ತೋರಿಸುವುದಿಲ್ಲ. ಇಲ್ಲಿ ನಟಿಯಿಂದ ಕಣ್ಣರಳಿಸುವ ನಟನೆ ಬೇಡ. ನೂರು ವರ್ಷದ ಹಿಂದೆಯೇ ರಷ್ಯಾದ ನಿರ್ದೇಶಕ ಕುಲೆಶೋವ್ ಒಂದೇ ಭಾವವಿಲ್ಲದ ಮುಖವನ್ನು ಒಮ್ಮೆ ಸೂಪಿನ ತಟ್ಟೆಯ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿ ತೋರಿಸಿದ್ದರು. ಮುಖ ಅದೇ. ಹಸಿವನ್ನೂ ದುಃಖವನ್ನೂ ಅದಕ್ಕೆ ಹಚ್ಚಿದವರು ನೋಡಿದವರು.

ನಾನು ಎರಡನೆಯ ದಾರಿ, ನೋಡುವವನಿಗೆ ಮಾತ್ರ ಗೊತ್ತು ಅನ್ನುವುದನ್ನು, ಹಿಡಿಯುತ್ತೇನೆ. ಈಗ ಶಾಟ್ ಡಿವಿಷನ್, ಅಂದರೆ ಸೀನನ್ನು ಶಾಟ್‌ಗಳಾಗಿ ಒಡೆಯುವ ಕೆಲಸ ಮಾಡೋಣ.

ಮೊದಲ ಶಾಟ್, ಖಾಲಿ ಕೋಣೆ. ಕ್ಯಾಮೆರಾ ಮಂಚದಷ್ಟು ಎತ್ತರದಲ್ಲಿ, ವೈಡ್, ಅಲುಗಾಡದೆ ನಿಂತಿದೆ. ಕತ್ತಲು. ಬಾಗಿಲ ಕೆಳಗಿನ ಸಂದಿಯಿಂದ ಹೊರಗಿನ ಬೆಳಕು ಒಂದು ಗೆರೆಯಾಗಿ ಬಿದ್ದಿದೆ. ಫ್ರೇಮಿನ ಬಲತುದಿಯಲ್ಲಿ ಬೀರುವಿನ ಬಾಗಿಲು ಒಳಗಿನಿಂದ ನಿಧಾನಕ್ಕೆ ಮುಚ್ಚಿಕೊಳ್ಳುತ್ತದೆ. ಅಷ್ಟೇ. ಮುಖ ಬೇಡ, ಕೈ ಬೇಡ. ಆಮೇಲೆ ಆ ಬೆಳಕಿನ ಗೆರೆಯಲ್ಲಿ ಎರಡು ಪಾದಗಳ ನೆರಳು ಬಂದು ನಿಲ್ಲುತ್ತದೆ. ಕಟ್ ಮಾಡಲು ಕೈ ತುರಿಸುತ್ತದೆ, ಮಾಡಬೇಡಿ. ಮನಸ್ಸಿನಲ್ಲಿ ಹತ್ತು ಎಣಿಸಿ.

ಎರಡನೆಯದು ಹೊರಗೆ, ಇನ್ಸರ್ಟ್, ಅಂದರೆ ಒಂದು ಸಣ್ಣ ವಿವರವನ್ನು ಹತ್ತಿರದಿಂದ ತೋರಿಸುವ ಶಾಟ್. ಕೀ ಹಿಡಿದ ಕೈ, ಬೀಗವಿಲ್ಲದ ಚಿಲಕ.

ಮೂರನೆಯದು ಮತ್ತೆ ಒಳಗೆ. ಹುಡುಗಿ ಬಂದು ಲೈಟು ಹಾಕುತ್ತಾಳೆ. ಸೊಂಟದಿಂದ ಮೇಲೆ ಕಾಣುವ ಮಿಡ್ ಶಾಟ್, ಅವಳು ಫ್ರೇಮಿನ ಎಡಕ್ಕೆ. ಬಲಗಡೆ ಪೂರ್ತಿ ಖಾಲಿ, ಆ ಖಾಲಿಯ ಹಿಂದೆ ಸ್ವಲ್ಪ ಮಸುಕಾಗಿ ಬೀರು. ನೋಡುವವನ ಕಣ್ಣು ಅಲ್ಲಿಗೇ ಓಡುತ್ತದೆ. ಅವಳು ಬ್ಯಾಗ್ ಇಡಲಿ, ಚಪ್ಪಲಿ ಬಿಡಲಿ, ಕೂದಲು ಕಟ್ಟಲಿ. ಕ್ಲೋಸಪ್ ಇನ್ನೂ ಬೇಡ. ಅವಳ ಕೈ ಬೀರುವಿನ ಹಿಡಿಕೆಗೆ ಹೋಗುವವರೆಗೂ ಅದನ್ನು ಜೇಬಿನಲ್ಲೇ ಇಟ್ಟುಕೊಳ್ಳಿ.

ಬೀರುವಿನಲ್ಲಿರುವವನನ್ನು ತೋರಿಸಲೇಬೇಕಾ ಎಂದು ಹುಡುಗರು ಕೇಳುತ್ತಾರೆ. ಮುಖವಾಡ ತಂದಿರುತ್ತಾರೆ ಪಾಪ. 1975ರಲ್ಲಿ ಬಂದ ‘ಜಾಸ್’ ಚಿತ್ರಕ್ಕೆ ಮಾಡಿಸಿದ ಯಾಂತ್ರಿಕ ಶಾರ್ಕ್ ಸಮುದ್ರದ ಉಪ್ಪುನೀರಿನಲ್ಲಿ ಪದೇ ಪದೇ ಕೈಕೊಟ್ಟಿತು. ನಿರ್ದೇಶಕ ಸ್ಪೀಲ್‌ಬರ್ಗ್ ಆಗ ಶಾರ್ಕನ್ನು ಬಿಟ್ಟು ನೀರೊಳಗಿಂದ ಅದು ನೋಡುವ ನೋಟವನ್ನು ತೋರಿಸಿದರು, ನೀರಿನ ಮೇಲೆ ಓಡುವ ಹಳದಿ ಪೀಪಾಯಿಗಳನ್ನು ತೋರಿಸಿದರು. ನಿಮ್ಮ ಮುಖವಾಡ ಆ ಶಾರ್ಕಿಗಿಂತ ಚೆನ್ನಾಗಿರುವುದು ಅನುಮಾನ.

ಲೆನ್ಸ್ ಬಗ್ಗೆ ಒಂದೇ ಮಾತು. ಓಡುವವನನ್ನು ದೂರದಿಂದ ಉದ್ದದ ಲೆನ್ಸಿನಲ್ಲಿ, ಅಂದರೆ ದೂರದ್ದನ್ನು ಹತ್ತಿರ ತೋರಿಸುವ ಲೆನ್ಸಿನಲ್ಲಿ, ಎದುರಿಗೆ ನೋಡಿದರೆ, ಎಷ್ಟು ಓಡಿದರೂ ಮುಂದೆ ಬರುತ್ತಿಲ್ಲ ಅನಿಸುತ್ತದೆ. ಬೆನ್ನಟ್ಟುವವನು ಹಿಂದೆಯೇ ಅಂಟಿಕೊಂಡ ಹಾಗೆ ಕಾಣುತ್ತಾನೆ. ಫೋನಿನಲ್ಲಿ ತೆಗೆಯುವವರು ಫೋಕಸ್ಸನ್ನೂ, ಎಷ್ಟು ಬೆಳಕು ಎಂದು ನಿರ್ಧರಿಸುವ ಎಕ್ಸ್‌ಪೋಷರನ್ನೂ ಲಾಕ್ ಮಾಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ನೀವು ಕಷ್ಟಪಟ್ಟು ಮಾಡಿದ ಕತ್ತಲನ್ನು ಫೋನು ತಾನಾಗಿಯೇ ಬೆಳಗಿಸಿಬಿಡುತ್ತದೆ.

ಬೆನ್ನಟ್ಟುವ ಮಾತು ಬಂತು, ನಮ್ಮ ಇನ್ನೊಂದು ಅನಾಹುತ ಹೇಳಿಬಿಡುತ್ತೇನೆ. ಕಳ್ಳ ಎಡದಿಂದ ಬಲಕ್ಕೆ ಓಡಿದ, ತೆಗೆದೆವು. ಆಮೇಲೆ ಬೆಳಕು ಚೆನ್ನಾಗಿದೆ ಎಂದು ರಸ್ತೆಯ ಆಚೆ ಬದಿಗೆ ದಾಟಿ ಅವನನ್ನು ಬೆನ್ನಟ್ಟುವ ಹುಡುಗನ ಓಟ ತೆಗೆದೆವು. ಅವನೂ ಅದೇ ದಿಕ್ಕಿಗೇ ಓಡಿದ್ದು. ಆದರೆ ಆಚೆ ಬದಿಯಿಂದ ನೋಡಿದರೆ ಬಲದಿಂದ ಎಡಕ್ಕೆ! ಎಡಿಟ್‌ನಲ್ಲಿ ಜೋಡಿಸಿದಾಗ ಇಬ್ಬರೂ ಎಷ್ಟೋ ವರ್ಷದ ಮೇಲೆ ಸಿಕ್ಕ ಅಣ್ಣತಮ್ಮಂದಿರ ಹಾಗೆ ತಬ್ಬಿಕೊಳ್ಳಲು ಓಡಿ ಬರುತ್ತಿದ್ದರು. ಇದನ್ನೇ 180 ಡಿಗ್ರಿ ನಿಯಮ ಅನ್ನುವುದು. ಒಬ್ಬರಿಂದ ಇನ್ನೊಬ್ಬರಿಗೆ ಸೇರಿಸುವ ಒಂದು ಗೆರೆ ಇದೆ ಅಂದುಕೊಳ್ಳಿ, ಕ್ಯಾಮೆರಾ ಅದರ ಒಂದೇ ಬದಿಯಲ್ಲಿರಲಿ. ದಾಟಲೇಬೇಕಾದರೆ ನಡುವೆ ನೇರ ಎದುರಿನಿಂದ ಒಂದು ಶಾಟ್ ಇಡಿ, ಇಲ್ಲವೇ ನೋಡುವವನ ಕಣ್ಣೆದುರೇ ಕ್ಯಾಮೆರಾ ದಾಟಲಿ.

ಇಂಥದ್ದು ಕಾಗದದ ಮೇಲೆ ಮೊದಲೇ ಸಿಕ್ಕಿಬೀಳುತ್ತದೆ. ಕೋಣೆಯನ್ನು ಮೇಲಿಂದ ನೋಡಿದ ಹಾಗೆ ಒಂದು ಚೌಕ ಬರೆಯಿರಿ. ಬಾಗಿಲು, ಮಂಚ, ಬೀರು ಗುರುತು ಮಾಡಿ. ಹುಡುಗಿಯ ದಾರಿಗೆ ಬಾಣ, ಕ್ಯಾಮೆರಾ ಇರುವಲ್ಲಿ ಇಂಗ್ಲಿಷಿನ ವಿ ಅಕ್ಷರ, ಪಕ್ಕದಲ್ಲಿ ಶಾಟ್ ನಂಬರು. ಚಿತ್ರ ಬರೆಯಲು ಬರದವರಿಗೆ, ಒಂದೊಂದು ಶಾಟನ್ನೂ ಚಿತ್ರವಾಗಿ ಬರೆಯುವ ಸ್ಟೋರಿಬೋರ್ಡಿಗಿಂತ ಇದೇ ಜಾಸ್ತಿ ಉಪಯೋಗ ಅನ್ನೋದು ನನ್ನ ಅನುಭವ.

ಆಮೇಲೆ ಲೆಕ್ಕ. ಕ್ಯಾಮೆರಾ ಜಾಗ ಬದಲಿಸಿ, ಲೈಟು ಸರಿಮಾಡಿ, ಎರಡು ಮೂರು ಟೇಕ್ ತೆಗೆಯಲು 20 ನಿಮಿಷ ಅಂದುಕೊಂಡರೂ 18 ಶಾಟಿಗೆ ಆರು ಗಂಟೆ. ನೀವು ಬರೆದದ್ದು 40 ಶಾಟ್ ಆಗಿದ್ದರೆ ಬೆಳಗಾಗುತ್ತದೆ, ರಾತ್ರಿಯ ಸೀನೇ ಹೋಯಿತು. ಯಾವುದಿಲ್ಲದಿದ್ದರೆ ಕಥೆಯೇ ಅರ್ಥವಾಗುವುದಿಲ್ಲವೋ ಆ ಶಾಟಿಗೆ ಚುಕ್ಕಿ ಹಾಕಿ, ಅವನ್ನು ಮೊದಲು ಮುಗಿಸಿ. ತೆಗೆಯುವಾಗ ಕಥೆಯ ಕ್ರಮ ಬೇಕಿಲ್ಲ. ಬಾಗಿಲ ಕಡೆ ಮುಖ ಮಾಡಿದ ಶಾಟ್‌ಗಳೆಲ್ಲ ಒಟ್ಟಿಗೆ, ಆಮೇಲೆ ಲೈಟು ತಿರುಗಿಸಿ ಬೀರುವಿನ ಕಡೆಯವು. ಇನ್ಸರ್ಟ್ ಸಣ್ಣದು, ಆಮೇಲೆ ತೆಗೆದರಾಯಿತು ಅಂತ ಮಾತ್ರ ಬಿಡಬೇಡಿ. ನಾವು ಹಾಗೆ ಬಿಟ್ಟು ವಾರದ ಮೇಲೆ ಹೋದಾಗ ನಟಿಯ ಉಗುರಿಗೆಲ್ಲ ಕೆಂಪು ಬಣ್ಣ ಬಂದಿತ್ತು. ಒರೆಸೋಕೆ ರಿಮೂವರ್ ಹುಡುಕುವುದರಲ್ಲೇ ಅರ್ಧ ದಿನ ಹೋಯಿತು.

ಸರಿ, ಹುಡುಗಿಯನ್ನು ಕೋಣೆಯಲ್ಲೇ ನಿಲ್ಲಿಸಿ ಬಂದಿದ್ದೇವೆ. ಕೈ ಹಿಡಿಕೆಯ ಮೇಲಿದೆ. ಕೊನೆಗೂ ಮುಖದ ಕ್ಲೋಸಪ್. ಅಷ್ಟರಲ್ಲಿ ಹೊರಗೆ ಯಾರೋ ಅವಳ ಹೆಸರು ಕೂಗುತ್ತಾರೆ. ಅವಳು ಕೈ ತೆಗೆದು, ಲೈಟು ಆರಿಸಿ, ಹೊರಗೆ ಹೋಗುತ್ತಾಳೆ. ಮತ್ತೆ ಮೊದಲಿನ ಅದೇ ಫ್ರೇಮು, ಅದೇ ಕತ್ತಲು, ಬಾಗಿಲ ಕೆಳಗೆ ಅದೇ ಬೆಳಕಿನ ಗೆರೆ. ಈ ಸಲ ಬೀರು ಫ್ರೇಮಿನಿಂದ ಸ್ವಲ್ಪ ಹೊರಗಿರಲಿ. ಪರದೆಯ ಮೇಲೆ ಏನೂ ಅಲುಗಾಡುವುದಿಲ್ಲ, ಬೀರುವಿನ ಬಾಗಿಲಿನ ಕಿರ್ ಎನ್ನುವ ಸದ್ದು ಮಾತ್ರ. ಆ ಸದ್ದನ್ನು ಬೇರೆಯಾಗಿ, ಮೈಕು ಹತ್ತಿರ ಹಿಡಿದು ರೆಕಾರ್ಡ್ ಮಾಡಿಕೊಳ್ಳಿ. ಜೊತೆಗೆ ಯಾರೂ ಮಾತಾಡದ ಆ ಕೋಣೆಯ ಮೌನವನ್ನೂ ಅರ್ಧ ನಿಮಿಷ.

ನಮಸ್ಕಾರ.